ಗೇಟು ಕಾಯುವವಳು

ಕಾಡಿನಿಂದ ಒಕ್ಕಲೆಬ್ಬಿಸಿದ್ದ ಅರಣ್ಯ ಇಲಾಖೆಯವರೇ ಆದಿವಾಸಿಗಳ ಹಾಡಿಗೆ ಬಂದು, "ಅವತ್ತು ತಪ್ಪಾಯ್ತು, ನಿಮ್ಮ ಹುಡುಗೀನ ಗಾರ್ಡ್ ಮಾಡ್ತೀವಿ" ಅಂದಾಗಲೇ ಮುದುಕನಿಗೆ ಗುಮಾನಿ ಹತ್ತಿತ್ತು. ನಮ್ಮ ಬೆರಳಿಂದಲೇ ನಮ್ಮ ಕಣ್ಣು ಚುಚ್ಚಿಸುವ ಹುನ್ನಾರ ಇದು ಅಂತ ಗೊಣಗಿದ್ದ.

ಇವತ್ತು ಕಾಡಿನೊಳಗಿನ ದೇವರಕಲ್ಲಿಗೆ ಕೈಮುಗಿಯಲು ಹೊರಟವನನ್ನು, ಖಾಕಿ ತೊಟ್ಟ ಮೊಮ್ಮಗಳೇ ಗೇಟಿನಲ್ಲಿ ಅಡ್ಡಗಟ್ಟಿದಳು.

"ನಿಲ್ಲು ತಾತ. ಹೀಗೆಲ್ಲ ಒಳಗೆ ಬಿಡಲ್ಲ."

"ಅಂದ್ಕೊಂಡೆ! ಖಾಕಿ ಮೈಮೇಲೆ ಬಂತು, ಕುಲ ಮರೆತುಹೋಯ್ತು."

"ನಿಯಮ ಎಲ್ಲರಿಗೂ ಒಂದೇ."

"ಯಾವನೇ ಮಾಡಿದ್ದು ಆ ನಿಯಮ? ನಿನ್ನ ಸಾಹೇಬನಾ?"

ಅವಳು ಗೇಟಿನ ಪಕ್ಕ ಬಿಚ್ಚಿಟ್ಟಿದ್ದ ಎರಡು ಜೊತೆ ಬೂಟು ತೋರಿಸಿದಳು.

"ದೇವರ ಕಾಡಿಗೆ ಬರಿಗಾಲಲ್ಲೇ ಹೋಗ್ಬೇಕು ಅಂತ ಕಲಿಸಿದವನು ನೀನು. ಸಾಹೇಬರಿಬ್ಬರ ಬೂಟನ್ನೂ ಬಿಚ್ಚಿಸಿಯೇ ಒಳಗೆ ಕಳಿಸಿದೀನಿ. ಚಪ್ಪಲಿ ಬಿಡು, ತಾತ."