ನೋವು ಹಿಂತಿರುಗಿಸುವ ಸುತ್ತು

ಸರ್ಕಾರಿ ಆಸ್ಪತ್ರೆಯ ನರ್ಸ್ ಕೆಲಸಕ್ಕೆ ಶಂಕ್ರಮ್ಮ ಅರ್ಜಿ ಹಾಕಿದ್ದು ಇದು ಮೂರನೇ ಸಲ. ಬರೆಯುವ ಪರೀಕ್ಷೆಯಲ್ಲಿ ಆಕೆ ಯಾವತ್ತೂ ಎಡವಿರಲಿಲ್ಲ. ಸೋತದ್ದು ಕೊನೆಯ ಸುತ್ತಿನಲ್ಲಿ. ಅಲ್ಲಿ ರೋಗಿಯೊಬ್ಬರ ನೋವನ್ನು ಒಂದಿಷ್ಟು ಹೊತ್ತು ತನ್ನ ಮೈಗೆ ತೆಗೆದುಕೊಂಡು, ಆಮೇಲೆ ತಾನೇ ಹಿಂತಿರುಗಿಸಬೇಕು. ಹೊರುವುದು ಆಕೆಗೆ ಕಷ್ಟವಾಗಿರಲಿಲ್ಲ. ಹಿಂತಿರುಗಿಸಲು ಎರಡು ಸಲವೂ ಕೈ ಬರಲಿಲ್ಲ.

ಈ ಸಲ ಸಿಕ್ಕವಳು ಸೊಂಟ ಮುರಿದ ಮುದುಕಿ ಹುಸೇನಬಿ. ಇಬ್ಬರ ಮಣಿಕಟ್ಟಿಗೂ ನೋವು ದಾಟಿಸುವ ಪಟ್ಟಿ ಕಟ್ಟಿದೊಡನೆ ಶಂಕ್ರಮ್ಮನ ಸೊಂಟಕ್ಕೆ ಬೆಂಕಿ ಇಟ್ಟಂತಾಯಿತು. ಹುಸೇನಬಿ ನಿಟ್ಟುಸಿರು ಬಿಟ್ಟು ಹಾಗೇ ನಿದ್ದೆಹೋದಳು.

"ಹೊತ್ತಾತು, ಬಿಚ್ರಿ," ಎಂದರು ಮೇಲ್ವಿಚಾರಕರು. ಶಂಕ್ರಮ್ಮನ ಬೆರಳುಗಳು ಪಟ್ಟಿಯ ಮೇಲೆಯೇ ನಿಂತವು.

ಮುದುಕಿ ಕಣ್ಣು ತೆರೆದಳು. "ಯಾಕವ್ವ, ಕೊಡಾಕ ಮನಸ್ಸು ಬರವಲ್ದೇನು?"

"ಭಾಳ ಚಂದ ಮಲಗಿದ್ದಿಬೇ."

"ಮಲಗಿದ್ನಲ್ಲ, ಅಷ್ಟು ಸಾಕು. ಬಾಜೂ ಕಾಟಿನಾಕಿ ರಾತ್ರಿಯೆಲ್ಲ ನರಳ್ಯಾಳ. ನೀ ನನಗಷ್ಟ ಕುಂತ್ರ ಆಕಿಗೆ ಯಾರದಾರ?"

ಶಂಕ್ರಮ್ಮ ಪಟ್ಟಿ ಬಿಚ್ಚಿದಳು. ಮುದುಕಿಯ ಮುಖ ಮತ್ತೆ ಹಿಂಡಿಕೊಂಡಿತು.

"ನಾಳೆಯಿಂದ ಕೆಲಸಕ್ಕ ಬರ್ರಿ," ಎಂದು ಮೇಲ್ವಿಚಾರಕರು ಮುಂದಿನವರನ್ನು ಕರೆದರು. ಶಂಕ್ರಮ್ಮ ಹುಸೇನಬಿಯ ಕೈ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ಕೂತಳು. ಈಗ ಆ ಕೈಯಿಂದ ಯಾವ ನೋವೂ ದಾಟಿ ಬರಲಿಲ್ಲ.