ಹಾಗಲ್ಲಪ್ಪನವರ ಬಣ್ಣ

ಪೇಂಟರ್ ಬಣ್ಣದ ಮಾದರಿಯ ಏಳನೆಯ ತಗಡನ್ನು ನೆಲಕ್ಕೆ ಬಿಸಾಡಿದ. ಅದು ಠಣ್ಣೆಂದು ಕುಣಿದು, ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಹಿಂದಿನ ಆರರ ಜೊತೆ ಸೇರಿತು.

"ಹಾಗಲ್ಲಪ್ಪ," ಎಂದಿದ್ದರು ಕುರ್ಚಿಯಲ್ಲಿ ಕುಳಿತಿದ್ದ ಹಿರಿಯರು. "ಈ ಬಣ್ಣ ಸ್ವಲ್ಪ ಸಪ್ಪೆ. ಬೆಳ್ಳಿ ಪುಡಿ ಇನ್ನೊಂದು ಚೂರು ಬೀಳ್ಲಿ."

ಐದು ವಾರದಿಂದ ಇದೇ ಮಾತು. ಪೇಂಟರ್ ಮನಸ್ಸಿನಲ್ಲೇ ಅವರಿಗೆ ಹಾಗಲ್ಲಪ್ಪ ಎಂದು ಹೆಸರಿಟ್ಟಿದ್ದ. ದಿನಾ ಹನ್ನೊಂದಕ್ಕೆ ಬರುತ್ತಿದ್ದರು. ಶೆಡ್ಡಿನಲ್ಲಿದ್ದ ಒಂದೇ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದುಕೊಳ್ಳುತ್ತಿದ್ದರು. ಹನ್ನೆರಡಕ್ಕೆ ಕೈಗಡಿಯಾರ ನೋಡಿ ಎದ್ದು ಹೋಗುತ್ತಿದ್ದರು. ತನ್ನ ಸ್ವಂತ ಶೆಡ್ಡಿನಲ್ಲಿ ತಾನು ನಿಲ್ಲಬೇಕು, ಅವರು ಕೂರಬೇಕು. ಆ ಒಂದು ಗಂಟೆಯಲ್ಲಿ ಅವರು ತಲೆ ಕೆಡಿಸುವುದು ಅವನಿಗೆ ಇಡೀ ದಿನಕ್ಕೆ ಸಾಕಾಗುತ್ತಿತ್ತು.

ಬಣ್ಣಕ್ಕೆ ಬಂದು ನಿಂತಿದ್ದ ಕಾರು ಅರವತ್ತು ವರ್ಷದ್ದು. ದುಂಡು ಬೆನ್ನು, ಕಪ್ಪೆಗಣ್ಣಿನಂಥ ದೀಪಗಳು. ಪೇಂಟರ್ ಕೈಯಾಡಿಸಿದ ಹಳೆಯ ಗಾಡಿಗಳಲ್ಲಿ ಕಾರ್ಖಾನೆಯ ಬಣ್ಣವನ್ನು ಮೈಮೇಲೆ ಉಳಿಸಿಕೊಂಡು ಬಂದದ್ದು ಇದೊಂದೇ. ಹೆಸರುಕಾಳು ನೆನೆಸಿದ ನೀರಿನಂಥ ತಿಳಿ ಹಸಿರು. ಅಂಚುಗಳಲ್ಲಿ ಸವೆದಿತ್ತು, ಅಲ್ಲಲ್ಲಿ ಮಂಕಾಗಿತ್ತು, ಆದರೆ ಜೀವ ಇತ್ತು. ನಾಲ್ಕು ದಿನ ಕೈಯಲ್ಲಿ ಪಾಲಿಷ್ ಹಾಕಿದರೆ ಎದ್ದು ಕೂರುತ್ತಿತ್ತು. ಉಜ್ಜಿ ತೆಗೆದರೆ ಮುಗಿಯಿತು. ಆಮೇಲೆ ಎಷ್ಟು ಸಲ ಬೇಕಾದರೂ ಬಣ್ಣ ಹೊಡೆಯಬಹುದು, ಮೊದಲ ಬಣ್ಣ ಮಾತ್ರ ಹೋದದ್ದು ಹೋದಂತೆಯೇ.

ಇದನ್ನು ಅವನು ಮೊದಲ ದಿನವೇ ಹೇಳಿದ್ದ. ಅಂದು ಬೇರೊಂದು ಗಾಡಿಯ ಅಡಿಯಿಂದ ತೆವಳಿಕೊಂಡು ಹೊರಬಂದಾಗ ಈ ಕಾರು ಬಂದು ನಿಂತಿತ್ತು. ಪಕ್ಕದಲ್ಲಿ ಕೀ ಹಿಡಿದುಕೊಂಡ ನಡುವಯಸ್ಸಿನ ಹೆಣ್ಣುಮಗಳು, ಕುರ್ಚಿಯಲ್ಲಿ ಹಿರಿಯರು. ಮರ್ಯಾದೆಗೆ ತಕ್ಕಂತೆ ಹಿರಿಯರ ಮುಂದೆಯೇ ನಿಂತು ಕೇಳಿದ್ದ: "ಹಳೇ ಬಣ್ಣ ಉಳಿಸ್ಕೊಳ್ಳೋಣ್ವಾ ಸಾರ್, ಇಲ್ಲ ಹೊಸದು ಹೊಡೀಲಾ? ನನ್ನ ಕೇಳಿದ್ರೆ ಹಳೇದೇ ಚಿನ್ನ."

ಹಾಗಲ್ಲಪ್ಪನವರು ಎದ್ದು ಕಾರಿಗೆ ಒಂದು ಸುತ್ತು ಹಾಕಿ, ಗಲ್ಲ ಕೆರೆದುಕೊಂಡು, "ಹಾಗಲ್ಲಪ್ಪ, ಹೊಸದೇ ಇರ್ಲಿ. ಕೆಳಗೆ ಕೆಂಪು, ಮೇಲೆ ಬೆಳ್ಳಿ. ನೋಡಿದವರು ತಿರುಗಿ ನೋಡ್ಬೇಕು" ಎಂದಿದ್ದರು.

ಹೆಣ್ಣುಮಗಳ ಮುಖ ಬಾಡಿತ್ತು.

"ನೀವಾದ್ರೂ ಒಂದು ಮಾತು ಹೇಳಿ ಮೇಡಂ."

"ದೊಡ್ಡವರು ಹೇಳಿದ ಮೇಲೆ ನಂದೇನಿದೆ," ಎಂದು ಆಕೆ ಕೀ ಅವನ ಕೈಗಿಟ್ಟು ಹೊರಟುಬಿಟ್ಟಿದ್ದಳು.

ಅಲ್ಲಿಂದ ಶುರುವಾಯಿತು. ಕೆಂಪು ಬೇಡ, ನೀಲಿ. ನೀಲಿ ಕಪ್ಪಾಯಿತು, ತಿಳಿ ಮಾಡು. ತಿಳಿಯಾದದ್ದು ಆಸ್ಪತ್ರೆ ಗೋಡೆ ಥರ ಇದೆ, ಮತ್ತೆ ಕೆಂಪೇ ಇರಲಿ. ಪ್ರತಿ ಸಲವೂ ಪೇಂಟರ್ ತಗಡಿನ ತುಂಡಿಗೆ ಬಣ್ಣ ಹೊಡೆದು ಅವರ ಕಣ್ಣ ಮುಂದೆ ಹಿಡಿದು, "ಆಗ್ಬಹುದಾ ಸಾರ್?" ಎಂದು ಕೇಳುತ್ತಿದ್ದ. ಪ್ರತಿ ಸಲವೂ "ಹಾಗಲ್ಲಪ್ಪ."

"ಗಾಡಿ ಅವರದು, ಹೊಟ್ಟೆಯುರಿ ನಿಮ್ದು," ಎಂದಳು ಒಂದು ರಾತ್ರಿ ಅವನ ಹೆಂಡತಿ, ಊಟಕ್ಕೆ ಬಡಿಸುತ್ತ. "ಹೆತ್ತವಳೇ ಸುಮ್ಮನಿದ್ರೆ ಸೂಲಗಿತ್ತಿಗೇನು ನೋವು? ಅವರು ಹೇಳಿದ್ದು ಬಳಿದು ಕಳ್ಸಿ."

"ಬಳಿಯೋ ಕೈ ನಂದಲ್ವೇನೇ," ಎಂದು ಅವನು ತಟ್ಟೆ ಸರಿಸಿದ.

ಹೆಣ್ಣುಮಗಳು ವಾರಕ್ಕೊಮ್ಮೆ ಬಂದು, ದೂರದಲ್ಲಿ ನಿಂತು ನೋಡಿ ಹೋಗುತ್ತಿದ್ದಳು. ಒಮ್ಮೆ ಪೇಂಟರ್ ಹಿಂಬದಿಯಲ್ಲಿ ಅಂಗೈಯಗಲ ಜಾಗವನ್ನು ಪಾಲಿಷ್ ಮಾಡಿ ತೋರಿಸಿದ. ಹಸಿರು ಆಗಷ್ಟೇ ಮಿಂದೆದ್ದಂತೆ ಹೊಳೆಯುತ್ತಿತ್ತು. ಆಕೆ ಬಹಳ ಹೊತ್ತು ನೋಡಿದಳು.

"ಅವರಿಗೆ ಹೇಳಿ ಮೇಡಂ," ಎಂದು ಪಿಸುಗುಟ್ಟಿದ.

"ಅವರಿಗಿಂತ ನಂಗೆ ಹೆಚ್ಚು ಗೊತ್ತಾ? ನೀವೇ ಅವರ ಮುಂದೆ ಬಾಯಿ ಬಿಡಲ್ಲ, ನಾನೇನು ಬಿಡ್ಲಿ?"

ಎಂಥ ಮಗಳಪ್ಪಾ, ಎಂದುಕೊಂಡ ಪೇಂಟರ್. ತಲೆ ನರೆತರೂ ಹೆದರಿಕೆ ಹೋಗಿಲ್ಲ.

ಇಂದು ಏಳನೆಯ ತಗಡೂ ಹೋದ ಮೇಲೆ ಅವನ ತಾಳ್ಮೆ ಮುಗಿಯಿತು. "ಆಯ್ತು ಸಾರ್. ಬೆಳ್ಳಿ ಪುಡೀನೇ ಸುರೀತೀನಿ. ನಿಮ್ಮಿಷ್ಟ." ಉಜ್ಜುವ ಮಷೀನನ್ನು ಸಿಕ್ಕಿಸಿ ಸ್ವಿಚ್ ಒತ್ತಿದ. ಬಾನೆಟ್ಟಿನ ಮೇಲಿಂದ ಹಸಿರು ಧೂಳು ಎದ್ದಿತು. ಅರವತ್ತು ವರ್ಷ ತಾಳಿದ ಬಣ್ಣ ಅರ್ಧ ಗಂಟೆ ತಾಳಲಿಲ್ಲ. ಕೆಳಗಿನ ತಗಡು ಬೋಳಾಗಿ, ಚಳಿಗೆ ಬಿಟ್ಟವರ ಮೈಯಂತೆ ಕಂಡಿತು. ಹಲ್ಲು ಕಚ್ಚಿಕೊಂಡು ಡ್ರೈವರ್ ಕಡೆಯ ಬಾಗಿಲಿಗೆ ಮಷೀನು ಹಿಡಿದ.

ಮಷೀನು ಗಕ್ಕನೆ ನಿಂತಿತು. ತಿರುಗಿ ನೋಡಿದರೆ, ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದಳು ಆ ಹೆಣ್ಣುಮಗಳು. ಕಣ್ಣು ತುಂಬಿತ್ತು.

"ಆ ಬಾಗಿಲು ಬೇಡ. ನಮ್ಮಪ್ಪ ಮೊಣಕೈ ಊರ್ಕೊಂಡು ಓಡಿಸ್ತಿದ್ದ ಜಾಗ ಅದು. ದಯವಿಟ್ಟು ಬೇಡ."

ಪೇಂಟರನ ಐದು ವಾರದ ಸಿಟ್ಟು ಒಂದೇ ಸಲಕ್ಕೆ ಹೊರಬಂತು. "ಬಾನೆಟ್ ಬೋಳಿಸಿದ ಮೇಲೆ ಹೇಳ್ತೀರಾ? ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ಅಲ್ಲೇ ಕೂತಿದಾರಲ್ಲ ನಿಮ್ಮಪ್ಪ, ಅವರಿಗೆ ಹೇಳಿ!"

ಆಕೆ ಅವನನ್ನೇ ದಿಟ್ಟಿಸಿದಳು.

"ನಮ್ಮಪ್ಪ ಹೋಗಿ ಮೂರು ವರ್ಷ ಆಯ್ತು," ಎಂದಳು. "ಇವರು ನಿಮ್ಮ ಹಿರೀ ಮೇಸ್ತ್ರಿ ಅಲ್ವಾ? ಒಂದೊಂದು ತಗಡೂ ಇವರಿಂದ ಒಪ್ಪಿಗೆ ತಗೊಳ್ತಿದ್ರಲ್ಲ!"

ಇಬ್ಬರೂ ಕುರ್ಚಿಯ ಕಡೆಗೆ ತಿರುಗಿದರು.

ಹಾಗಲ್ಲಪ್ಪನವರು ಭುಜದ ಮೇಲಿನ ಹಸಿರು ಧೂಳು ಕೊಡವಿಕೊಂಡು ಎದ್ದರು. "ಎದುರುಗಡೆ ಕ್ಲಿನಿಕ್ಕಲ್ಲಿ ನನ್ನ ಹೆಂಡ್ತಿಗೆ ದಿನಾ ಒಂದು ಗಂಟೆ ಸೊಂಟದ ವ್ಯಾಯಾಮ, ಗಂಡಸರಿಗೆ ಅಲ್ಲಿ ಕೂರೋಕೆ ಜಾಗ ಇಲ್ಲ. ಬಂದ ದಿನವೇ ನೀವು ಅಷ್ಟು ಮರ್ಯಾದೆಯಿಂದ ಕೇಳಿದ್ರಿ, ಹೇಳಿದೆ. ಮನೇಲಿ ನನ್ನನ್ನ ಯಾರೂ ಏನೂ ಕೇಳೋದೇ ಇಲ್ಲಪ್ಪ."