ಎರಡನೇ ಶನಿವಾರಕ್ಕೆ ಮೂರು ಓಟು

"ನಿಮ್ಮ ಯಜಮಾನರು ನಮ್ಮ ಲಾಡ್ಜಿಗೆ ಸೇರೋದಕ್ಕೆ ನಿಮ್ಮ ಅಭ್ಯಂತರ ಏನಾದ್ರೂ ಇದೆಯಾ?" ಎಂದು ಹಲ್ಲಿನ ಡಾಕ್ಟರು, ಟೀ ಲೋಟ ಕೈಗೆ ಬರುವ ಮೊದಲೇ ಕೇಳಿಬಿಟ್ಟರು. ಅವರ ಫ್ರೀಮೇಸನ್ ಲಾಡ್ಜಿನ ಪದ್ಧತಿಯೇ ಹಾಗಂತೆ. ಯಾರಾದರೂ ಅರ್ಜಿ ಹಾಕಿದರೆ ಸದಸ್ಯರೊಬ್ಬರು ಮನೆಗೆ ಬಂದು ಹೆಂಡತಿಯನ್ನು ಕೇಳಬೇಕು. ಆಕೆ ಬೇಡವೆಂದರೆ ಅರ್ಜಿ ವಾಪಸ್ಸು. ಅರ್ಜಿ ಹಾಕಿದ್ದ ಗಂಡ, ಕನ್ನಡಕದಂಗಡಿಯವನು, ಸೋಫಾದ ತುದಿಯಲ್ಲಿ, ತನ್ನಲ್ಲಿ ಕಣ್ಣು ಪರೀಕ್ಷೆಗೆ ಬಂದ ಗಿರಾಕಿಯ ಹಾಗೆ, ಎದುರಿನ ಗೋಡೆಯನ್ನೇ ಓದುತ್ತಾ ಕೂತಿದ್ದ.

ಹೆಂಡತಿಗಿಂತ ಮೊದಲು ಗಂಡನ ತಾಯಿ ಬಾಯಿ ಹಾಕಿದರು. "ಸ್ವಂತ ಮನೆ ಇರೋವಾಗ ಇವನಿಗೆ ಲಾಡ್ಜ್ ಯಾಕಪ್ಪಾ?"

"ಅದು ರೂಮು ಕೊಡೋ ಲಾಡ್ಜ್ ಅಲ್ಲಮ್ಮಾ, ಸಂಘ. ಮೇಸನ್ ಅಂದ್ರೆ ಗಾರೆ ಕೆಲಸದವರು. ಹಳೇ ಕಾಲದ ಹೆಸರು, ಹಾಗೇ ಉಳ್ಕೊಂಡಿದೆ."

"ಅದರಲ್ಲೂ ಫ್ರೀ ಅಂತೀರಿ. ನಮ್ಮ ಹಿತ್ತಿಲ ಗೋಡೆ ಬಿರುಕು ಬಿಟ್ಟು ಎರಡು ವರ್ಷ ಆಯ್ತು ನೋಡಿ."

ಹೆಂಡತಿ ನಗಲಿಲ್ಲ. ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡ ಟೈಲರಮ್ಮ. ಅಳತೆ ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು. ಬೀದಿಯ ಕೊನೆಯ ಲಾಡ್ಜ್ ಕಟ್ಟಡದ ಕಿಟಕಿ ತೆರೆದದ್ದನ್ನು ಆಕೆ ಹದಿನಾರು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಅಳತೆ ಕೊಡಲು ಬಂದವರೆಲ್ಲ ಅದರ ಬಗ್ಗೆ ಒಂದೊಂದು ಸುದ್ದಿಯನ್ನೂ ಕೊಟ್ಟು ಹೋಗಿದ್ದರು.

"ನೇರವಾಗೇ ಕೇಳ್ತೀನಿ ಡಾಕ್ಟ್ರೇ. ಹೊಸಬರಿಗೆ ಕಣ್ಣು ಕಟ್ಟಿ ಮೇಕೆ ಮೇಲೆ ಕೂರಿಸ್ತೀರಂತೆ, ನಿಜಾನಾ?" ಅಷ್ಟಕ್ಕೇ ನಿಲ್ಲಿಸದೆ ಪಕ್ಕದ ಮನೆಯಾಕೆಯ ಮೂಗಿನ ದನಿಯನ್ನು ಹಾಗೇ ಎತ್ತಿ ಆಡಿದಳು: "'ಇಡೀ ಪ್ರಪಂಚಾನೇ ಅಲ್ಲಿ ಕೂತ್ಕೊಂಡು ನಡೆಸ್ತಾರಂತೆ ಕಣ್ರೀ, ಹುಷಾರು!'"

"ಪ್ರಪಂಚಾನಾ? ಒಂದು ಫ್ಯಾನ್ ರಿಪೇರಿ ಮಾಡಿಸೋಕೆ ನಾವು ಮೂರು ಸಭೆ ಕರೆದಿದ್ದೀವಿ! ಇನ್ನು ಮೇಕೆ ಸಾಕೋರು ಯಾರು?"

"ಮತ್ತೆ ಕಿಟಕಿ ಯಾಕೆ ಯಾವಾಗ್ಲೂ ಮುಚ್ಚಿರುತ್ತೆ?"

"ತೆಗೆದ್ರೆ ಒಳಗೆ ಅಂಥದ್ದೇನೂ ಇಲ್ಲ ಅಂತ ಗೊತ್ತಾಗಿಬಿಡುತ್ತಲ್ಲಾ!" ಎಂದು ಡಾಕ್ಟರು ತಮ್ಮ ಮಾತಿಗೆ ತಾವೇ ಮೊದಲು ನಕ್ಕರು. "ಎರಡನೇ ಶನಿವಾರ ಮಧ್ಯಾಹ್ನ ಸೇರ್ತೀವಿ. ಏಪ್ರನ್ ಕಟ್ಕೋತೀವಿ, ಬಾಯಿಪಾಠ ಮಾಡಿದ್ದನ್ನ ಒಪ್ಪಿಸ್ತೀವಿ, ಊಟ ಮಾಡಿ ಮನೆಗೆ ಹೋಗ್ತೀವಿ."

"ಏಪ್ರನ್ನಾ?" ತಾಯಿ ಮಗನತ್ತ ತಿರುಗಿದರು. "ಇಲ್ಲಿ ಒಂದು ಲೋಟ ತೊಳೆದವನಲ್ಲ ನೀನು!"

ಟೈಲರಮ್ಮನಿಗೂ ನಗು ತಡೆಯಲಾಗಲಿಲ್ಲ. "ಹೋಗ್ಲಿ, ನೀವು ಯಾಕೆ ಸೇರಿದ್ರಿ ಡಾಕ್ಟ್ರೇ?"

ಡಾಕ್ಟರು ಲೋಟ ಕೆಳಗಿಟ್ಟರು. "ಬೆಳಿಗ್ಗೆಯಿಂದ ಸಂಜೆವರೆಗೂ ನನ್ನೆದುರು ಜನ ಬಾಯಿ ತೆಕ್ಕೊಂಡೇ ಕೂತಿರ್ತಾರಮ್ಮಾ. ಒಬ್ಬರೂ ಮಾತಾಡಲ್ಲ. ಅಲ್ಲಿಗೆ ಹೋದ್ರೆ ಮೂವತ್ತು ಜನ 'ಹೇಗಿದ್ದೀಯಪ್ಪಾ' ಅಂತಾರೆ. ಅಷ್ಟೇ ನನ್ನ ರಹಸ್ಯ."

ಇಷ್ಟಾದ ಮೇಲೆ ಆಕೆಯ ಅನುಮಾನವೆಲ್ಲ ಇಳಿದುಹೋಯಿತು. "ರೀ, ನೀವು?" ಎಂದಳು.

"ಒಳ್ಳೆ ಮನುಷ್ಯ ಆಗೋಕೆ," ಎಂದು ಗಂಡ ಅರ್ಜಿಯಲ್ಲಿ ಬರೆದದ್ದನ್ನೇ ಒಪ್ಪಿಸಿದ.

"ಇಲ್ಲೇ ಆಗಬಹುದಿತ್ತು. ನಾವೇನು ಅಡ್ಡ ಬಂದಿದ್ವಾ?"

ಗಂಡ ಮತ್ತೆ ಗೋಡೆ ಓದತೊಡಗಿದ. ಅವನ ಮುಜುಗರ ಕಂಡು ಡಾಕ್ಟರು ಮಾತು ಮುಂದಕ್ಕೆ ತಳ್ಳಿದರು: ಮನೆಯವರು ಒಪ್ಪಿದ ಮೇಲೆ ಲಾಡ್ಜಿನಲ್ಲಿ ಗುಟ್ಟಿನ ಓಟು ನಡೆಯುತ್ತದೆ, ಬಿಳಿ ಗೋಲಿ ಎಂದರೆ ಸೈ, ಒಂದೇ ಒಂದು ಕರಿ ಗೋಲಿ ಬಿದ್ದರೂ ಮುಗಿಯಿತು, ಹಾಕಿದವರು ಯಾರೆಂದು ಯಾರಿಗೂ ತಿಳಿಯುವುದಿಲ್ಲ.

"ಹಾಗಾದ್ರೆ ಈ ಮನೇಲೂ ಅದೇ ನಡೀಲಿ. ನಾನೊಬ್ಬಳೇ ಯಾಕೆ ಒಪ್ಪಿಗೆ ಕೊಡ್ಬೇಕು?" ಎಂದ ಟೈಲರಮ್ಮ ಯಂತ್ರದ ಡ್ರಾಯರಿನಿಂದ ಶರಟಿನ ಗುಂಡಿಗಳನ್ನು ತಂದು ಅತ್ತೆಗೆ, ಗಂಡನಿಗೆ, ತನಗೆ ಒಂದು ಬಿಳಿ ಒಂದು ಕರಿಯಂತೆ ಹಂಚಿದಳು. ಬಿಸ್ಕತ್ತಿನ ಖಾಲಿ ಡಬ್ಬದ ತಳಕ್ಕೆ ಬಟ್ಟೆ ಹಾಸಿದಳು.

ಸೂಜಿಗೆ ದಾರ ಪೋಣಿಸುವಷ್ಟು ಹೊತ್ತನ್ನೂ ಆಕೆ ತೆಗೆದುಕೊಳ್ಳಲಿಲ್ಲ. ಡಬ್ಬದೊಳಗೆ ಮುಷ್ಟಿ ಹೋಯಿತು, ಬಂತು. "ಒಂದು ಶನಿವಾರನಾದ್ರೂ ನೆಮ್ಮದಿಯಾಗಿ ಯಂತ್ರ ತುಳೀಬಹುದು!" ಅತ್ತೆಯದು ಇನ್ನೂ ಚುರುಕು. "ಟೀವಿ ರಿಮೋಟು ನನ್ನ ಕೈಗೆ!" ಗಂಡ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಡಬ್ಬದೊಳಗೆ ಕೈ ಇಟ್ಟವನು, ಕಳೆದುಹೋದ ಸ್ಕ್ರೂ ಹುಡುಕುವವನಂತೆ, ಬಹಳ ಹೊತ್ತು ತೆಗೆಯಲಿಲ್ಲ.

ಡಾಕ್ಟರು ಡಬ್ಬವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಎರಡು ಬಿಳಿ, ಒಂದು ಕರಿ.

"ಅತ್ತೇ!"

"ನನ್ನ ಮೇಲೆ ಯಾಕೆ ಹಾರ್ತೀಯಾ? ನೋಡು," ಎಂದು ಅತ್ತೆ ಅಂಗೈ ಬಿಡಿಸಿದರು. ಉಳಿದಿದ್ದದ್ದು ಕರಿ ಗುಂಡಿ. ಸೊಸೆ ತನ್ನ ಕೈ ತೆರೆದಳು. ಅದೂ ಕರಿ.

"ಇದೆಂಥ ಗುಟ್ಟಿನ ಓಟಮ್ಮಾ! ಹಾಕದೇ ಇದ್ದದ್ದನ್ನ ಕೈಯಲ್ಲೇ ಬಿಟ್ಟುಬಿಟ್ರೆ..." ಎಂದು ನಗಲು ಹೊರಟ ಡಾಕ್ಟರು ಅರ್ಧದಲ್ಲೇ ನಿಂತರು.

ಟೈಲರಮ್ಮ ಗಂಡನ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿದಳು. ಬೆವೆತ ಅಂಗೈಯಲ್ಲಿ ಬಿಳಿ ಗುಂಡಿ ಅಚ್ಚೊತ್ತಿ ಕೂತಿತ್ತು.

"ನಿಮ್ಮಿಬ್ಬರಲ್ಲಿ ಒಬ್ಬರಾದ್ರೂ, ಶನಿವಾರ ಮನೇಲೇ ಇರಲಿ ಅಂತ, ಕರಿ ಹಾಕ್ತೀರಿ ಅಂದ್ಕೊಂಡಿದ್ದೆ," ಎಂದ ಕನ್ನಡಕದಂಗಡಿಯವ. "ಯಾರೂ ಹಾಕೋ ಹಾಗೆ ಕಾಣಲಿಲ್ಲ."